ಪಂಪಣ್ಣನ ಕಂಪ್ಯೂಟರು

ನದಿಯ ದಂಡೆಯ ಮೇಲೆ ಒಂದು ಆಶ್ರಮ. ಸಿಟ್ಟು ಬಂದವರು ಅಡುಗೆಮನೆಯ ಹಿಂದೆ ಹೋಗಿ ಪಾತ್ರೆ ತಿಕ್ಕಬೇಕು ಎಂಬುದು ಅಲ್ಲಿನ ರೂಢಿ. ಅಲ್ಲಿನ ಪಾತ್ರೆಗಳು ಯಾವಾಗಲೂ ಹೊಳೆಯುತ್ತಿದ್ದವು.

ಅಲ್ಲಿನ ಗುರು ಮುಪ್ಪಿನಯ್ಯನವರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಒಂದು ದಿನ ಶಾಲೆಯ ಕೋಣೆಯಿಂದ ದೊಡ್ಡ ಸದ್ದು ಕೇಳಿಸಿತು. ಗುರುಗಳು ಒಳಗೆ ಬಂದರು. ಶಿಷ್ಯ ಕೊಟ್ರೇಶ ಹಳೆಯ ಕಂಪ್ಯೂಟರಿನ ಮುಂದೆ ಮುಷ್ಟಿ ಬಿಗಿದು ನಿಂತಿದ್ದ.

“ಯಾರಿಗೆ ಹೊಡದಿ?”

“ಕೀಬೋರ್ಡಿಗೆ, ಅಜ್ಜಾರ.”

“ಅದೇನು ಮಾಡಿತ್ತು?”

“ಏನೂ ಮಾಡಿಲ್ಲ. ತಪ್ಪು ಗ್ರಾಫಿಕ್ಸ್ ಕಾರ್ಡಿಂದು. ಪರದೆ ಮ್ಯಾಲ ಚಿತ್ರ ಮೂಡಿಸೋದು ಅದರ ಕೆಲಸ. ಮೂಡಿಸವಲ್ದು.”

“ಮತ್ತ ಕೀಬೋರ್ಡಿಗೆ ಯಾಕ ಹೊಡದಿ?”

“ಅದು ಕೈಗೆ ಸಿಗತೈತ್ರಿ. ಕಾರ್ಡು ಡಬ್ಬಿಯೊಳಗೈತಿ.”

ಆ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದವನು ಪಂಪಣ್ಣ. ಅವನೂ ಶಿಷ್ಯನೇ, ಕೊಟ್ರೇಶನ ಓರಗೆಯವನು. ಆಶ್ರಮದ ಶಾಲೆಯ ಮಕ್ಕಳಿಗಾಗಿ ಚಲಿಸುವ ಚಿತ್ರಪಾಠ ಬರೆಯುತ್ತಿದ್ದ. ಹೋದ ತಿಂಗಳು ಅವನಿಗೆ ಜ್ವರ ಬಂತು. ಯಾರಿಗೂ ಹೇಳದೆ ಕೆಲಸ ಮಾಡಿದ. ಹೇಳುವ ಹೊತ್ತಿಗೆ ತಡವಾಗಿತ್ತು, ಜೀವ ಉಳಿಯಲಿಲ್ಲ.

ಪಾಠ ಅರ್ಧಕ್ಕೆ ಉಳಿಯಿತು. ಅವನು ಚಿತ್ರ ಬರೆಯುತ್ತಿದ್ದ ಪ್ರೋಗ್ರಾಮು ಇದ್ದದ್ದು ಈ ಒಂದು ಕಂಪ್ಯೂಟರಿನಲ್ಲಿ ಮಾತ್ರ.

ಇವತ್ತು ಅವನ ತಾಯಿ ಹಂಪವ್ವ ಆಚೆ ದಂಡೆಯಿಂದ ಹರಿಗೋಲಿನಲ್ಲಿ ಬರುವವಳಿದ್ದಳು. ಮಗ ಆ ಪೆಟ್ಟಿಗೆಯ ಮುಂದೆ ಕುಳಿತು ಏನು ಮಾಡುತ್ತಿದ್ದನೋ ಒಂದು ಸಲ ಕಣ್ಣಾರೆ ನೋಡಬೇಕು ಎಂದು ಹೇಳಿ ಕಳಿಸಿದ್ದಳು. ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅವಳಿಗೆ ಇದ್ದದ್ದು ನೋಡುವುದೊಂದೇ.

“ಏನಾಗೈತಿ, ತೋರಿಸು,” ಎಂದರು ಗುರುಗಳು.

ಕೊಟ್ರೇಶ ಪಾಠವನ್ನು ತೆರೆದ. ಪರದೆ ಕಪ್ಪಗಾಯಿತು. ಆ ಕಪ್ಪಿನೊಳಗಿಂದ ಪಂಪಣ್ಣನ ದನಿ ಬಂತು. “ಮಕ್ಕಳೇ, ಇಲ್ಲಿ ನೋಡ್ರಿ.”

ನೋಡಲು ಏನೂ ಇರಲಿಲ್ಲ. ಕೊಟ್ರೇಶ ತಟ್ಟನೆ ದನಿ ನಿಲ್ಲಿಸಿದ.

“ಕಿವಿ ಇದ್ದವರಿಗೆ ಆಗಿದ್ರ ಇಷ್ಟಾದ್ರೂ ಸಾಕಿತ್ತು. ಆಕಿಗೆ ಇದನ್ನ ಹೆಂಗ ತೋರಸ್ಲಿ?”

“ಪಂಪಣ್ಣ ಇದ್ದಾಗ ಚಿತ್ರ ಬರ್ತಿತ್ತಲ್ಲ?”

“ನಿನ್ನೆ ಮುಂಜಾನಿ ತನಕಾನೂ ಬರ್ತಿತ್ರಿ.”

“ನಿನ್ನೆ ಏನು ಮಾಡಿದಿ?”

“ಹೊಸಾ ಡ್ರೈವರ್ ಬಂದೈತಿ, ಹಾಕ್ಕೋ ಅಂತ ಪರದೆ ಮ್ಯಾಲ ತೋರಿಸ್ತು. ಕಾರ್ಡಿಗೆ ಕೆಲಸ ಹೇಳೋ ಪ್ರೋಗ್ರಾಮಿಗೆ ಡ್ರೈವರ್ ಅಂತಾರ್ರೀ. ಪಂಪಣ್ಣ ಅದನ್ನ ಹಾಕಿದ್ದೇ ಇಲ್ಲ. ಸೋಮಾರಿ ಅಂತ ಬೈಕೊಂಡು ನಾನ ಹಾಕಿದೆ.”

“ಆಮ್ಯಾಲ?”

“ಪಾಠ ತೆರೆದ್ರ ಬರೀ ಕಪ್ಪು, ಉಳಿದದ್ದೆಲ್ಲಾ ಕಾಣತೈತಿ. ಆ ಡ್ರೈವರ್ ಮ್ಯಾಲ ಇನ್ನೊಂದು ಹಾಕಿದೆ. ಆಗಲಿಲ್ಲ. ಸೆಟ್ಟಿಂಗ್ ಎಲ್ಲಾ ಬದಲಿ ಮಾಡಿದೆ. ಮತ್ತೊಂದು ಹಾಕಿದೆ.”

“ಇದರಾಗ ಯಾವುದರಿಂದ ಕೆಟ್ಟಿತು?”

“ಹೆಂಗ ಹೇಳ್ಲಿ? ನೋಡಿ ನೋಡಿ ಮಾಡಿಲ್ಲ. ಸಿಟ್ಟಿನಾಗ ಹಾಕ್ಕೋಂತ ಹೋದೆ.”

ಗುರುಗಳು ನೆಲದ ಮೇಲೆ ಕುಳಿತರು. ಅವರ ನಿಧಾನ ಕೊಟ್ರೇಶನನ್ನು ಇನ್ನಷ್ಟು ಕೆರಳಿಸಿತು.

“ಬಿಡ್ರಿ. ಎಲ್ಲಾ ಅಳಿಸಿ ಬುಡದಿಂದ ಹೊಸದಾಗಿ ಹಾಕ್ತೀನಿ.”

“ಪಂಪಣ್ಣನ ಪಾಠ?”

“ಅದೂ ಅಳಿಸತೈತಿ.”

“ಅದೂ?”

“ಅಳಿಸಿ ಹೋಗಲಿ! ಅವಾ ಹೇಳದ ಹೋದ. ಅವನ ಅರ್ಧ ಪಾಠ ಇಟ್ಕೊಂಡು ನಾ ಏನು ಮಾಡ್ಲಿ?”

ಅವನು ಕೀಬೋರ್ಡಿಗೆ ಕೈ ಹಾಕಿದ. ಗುರುಗಳು ಎದ್ದು ಗೋಡೆಯ ಸ್ವಿಚ್ ಆರಿಸಿದರು. ಕಂಪ್ಯೂಟರಿನ ಫ್ಯಾನಿನ ಸದ್ದು ಇಳಿಯುತ್ತಾ ಹೋಗಿ ನಿಂತಿತು.

ಕೊಟ್ರೇಶ ಕೈ ಹಿಂತೆಗೆದು ಕೇಳಿದ, “ಪಾತ್ರೆ ತಿಕ್ಕಾಕ ಹೋಗ್ಲೇನ್ರಿ?”

“ಪಾತ್ರೆ ಇಲ್ಲ.”

“ಇಲ್ಲ ಅಂದ್ರ?”

“ಎಲ್ಲಾ ತಿಕ್ಕಿ ಆಗ್ಯಾವ. ಮುಂಜಾನಿ ನಾನ ತಿಕ್ಕೀನಿ.”

ಕೊಟ್ರೇಶ ಮುಖ ಎತ್ತಿದ. ಗುರುಗಳ ಉಗುರುಗಳ ಸಂದಿಯಲ್ಲಿ ಪಾತ್ರೆಯ ಮಸಿ ಕಪ್ಪಗೆ ಕೂತಿತ್ತು.

“ನಿಮಗೂ ಸಿಟ್ಟೇನ್ರಿ?”

“ದಿನಾ ತಿಕ್ಕಾಕತ್ತೀನಿ. ಸಾರಿನ ಪಾತ್ರೆ ತಳ ತೂತು ಬಿದ್ದೈತಿ.”

“ಯಾರ ಮ್ಯಾಲ ಸಿಟ್ಟು?”

“ಡಬ್ಬಿ ಬಿಚ್ಚು.”

“ಯಾಕ್ರಿ?”

“ನಿನ್ನೆಯಿಂದ ಬೈಯಾಕತ್ತೀಯಲ್ಲ, ಆ ಕಾರ್ಡಿನ ಮುಖ ನೋಡಿಯೇನು?”

“ಇಲ್ರಿ.”

“ನೋಡು.”

ಕೊಟ್ರೇಶ ಸ್ಕ್ರೂಗಳನ್ನು ಬಿಚ್ಚಿದ. ಗುರುಗಳು ಅವನ್ನು ಅಂಗೈಯಲ್ಲಿ ಹಿಡಿದುಕೊಂಡು ಕುಳಿತರು. ಒಳಗೆ ಬರೀ ಧೂಳು. ಕಾರ್ಡನ್ನು ಮೆಲ್ಲಗೆ ಹೊರಗೆಳೆದು ಒಣಬಟ್ಟೆಯಿಂದ ಒರೆಸಿದ. ಅದರ ಬೆನ್ನಿಗೆ ಸಣ್ಣ ಚೀಟಿ ಅಂಟಿತ್ತು, ಮೇಲೆ ಕಾರ್ಡಿನ ಹೆಸರು, ನಂಬರು. ಆ ನಂಬರನ್ನು ಫೋನಿನಲ್ಲಿ ಹಾಕಿ, ಕಾರ್ಡು ತಯಾರಿಸಿದವರ ಪುಟ ಹುಡುಕಿ ಓದಿದ. ಓದುತ್ತ ಓದುತ್ತ ಅವನ ಮುಖ ಕೆಂಪಾಯಿತು.

“ಇದು ಭಾಳ ಹಳೇ ಕಾರ್ಡು, ಅಜ್ಜಾರ. ಇದಕ್ಕ ಡ್ರೈವರ್ ಮಾಡೋದ ನಿಲ್ಲಿಸಿಬಿಟ್ಟಾರ. ಕೊನೇದು ಅಂತ ಒಂದು ಐತಿ. ಅದರ ಮುಂದಿನವು ಯಾವೂ ಇದಕ್ಕ ಹೊಂದಂಗಿಲ್ಲ.”

“ಕಾರ್ಡು ಕೆಟ್ಟೈತೇನು?”

“ಇಲ್ರಿ! ಚಲೋ ಐತಿ. ಚಲೋ ಇದ್ದದ್ದನ್ನ ಕೈಬಿಟ್ಟಾರ.”

“ಪಂಪಣ್ಣ ಯಾವ ಡ್ರೈವರ್ ಇಟ್ಟಿದ್ದ?”

“ಆ ಕೊನೇದ ಇರಬೇಕು. ಅದಕ್ಕ ಹೊಸದು ಹಾಕಿದ್ದಿಲ್ಲ.” ಕೊಟ್ರೇಶನ ದನಿ ಕೂಗಾಯಿತು. “ಒಂದು ಮಾತು ಹೇಳಿದ್ರ ಏನಾಗ್ತಿತ್ತು ಇವಂಗ? ಜ್ವರಾನೂ ಹೇಳಲಿಲ್ಲ, ಇದನ್ನೂ ಹೇಳಲಿಲ್ಲ!”

“ನೀ ಕೇಳಿದ್ದೇನು?”

ಕೊಟ್ರೇಶ ಫೋನನ್ನು ಕೆಳಗಿಟ್ಟ.

“ನಾನೂ ಕೇಳಿದ್ದಿಲ್ಲ,” ಎಂದರು ಗುರುಗಳು.

ಕಾರ್ಡನ್ನು ಮತ್ತೆ ಅದರ ಜಾಗದಲ್ಲಿ ಕೂಡಿಸಿ ಸ್ವಿಚ್ ಹಾಕಿದರು. ಮೊದಲು ಪಂಪಣ್ಣನ ಪಾಠವನ್ನು ಒಂದು ಪೆನ್ ಡ್ರೈವಿಗೆ ನಕಲು ಮಾಡಿಸಿ ಗುರುಗಳು ಅದನ್ನು ತಮ್ಮ ಹತ್ತಿರ ಇಟ್ಟುಕೊಂಡರು. ಕೊಟ್ರೇಶ ಆ ಹಳೆಯ ಡ್ರೈವರನ್ನು ಫೋನಿಗೆ ಇಳಿಸಿಕೊಂಡ. ಆಮೇಲೆ ನಿನ್ನೆ ಹಾಕಿದ್ದನ್ನೆಲ್ಲ ಒಟ್ಟಿಗೆ ಕಿತ್ತೊಗೆಯಲು ಹೊರಟ.

“ಒಂದು ತೆಗಿ,” ಎಂದರು ಗುರುಗಳು. “ಏನು ತೆಗದಿ ಅಂತ ನನಗ ಹೇಳು. ಆರಿಸಿ, ಮತ್ತ ಹಚ್ಚಿ ನೋಡು. ಆಮ್ಯಾಲ ಇನ್ನೊಂದು.”

“ಹೊತ್ತಾಗತೈತ್ರಿ. ಆಕಿ ಬರ್ತಾಳ!”

“ಬರಲಿ.”

ಕೊಟ್ರೇಶ ಹಲ್ಲು ಕಡಿಯುತ್ತ ಒಂದು ತೆಗೆದ. ಹೇಳಿದ. ಆರಿಸಿದ. ಹಚ್ಚಿದ. ಇನ್ನೊಂದು ತೆಗೆದ. ಹೇಳಿದ. ಆರಿಸಿದ. ಕೊನೆಯದನ್ನು ತೆಗೆದು ಹಚ್ಚಿದಾಗ, ಯಾವ ಡ್ರೈವರೂ ಇಲ್ಲದ ಪರದೆಯ ಮೇಲೆ ಅಕ್ಷರಗಳು ದಪ್ಪದಪ್ಪವಾಗಿ ಮೂಡಿದವು. ಅವನು ಉಸಿರು ಬಿಡುವಷ್ಟರಲ್ಲಿ ಪರದೆ ಒಮ್ಮೆ ಮಿಣುಕಿತು. ಪಾಠ ತೆರೆದರೆ ಮತ್ತೆ ಅದೇ ಕಪ್ಪು.

“ಹೊಸದು ಮತ್ತ ಬಂದು ಕುಂತೈತಿ!”

“ಯಾರು ಹಾಕಿದ್ರು?”

“ಯಾರೂ ಇಲ್ರಿ. ತಾನ ನೆಟ್ಟಿನಿಂದ ಇಳಿಸಿಕೊಂಡೈತಿ. ಬ್ಯಾಡ ಅಂದ್ರೂ ಕೇಳಂಗಿಲ್ಲ!”

ಮುಷ್ಟಿ ಮೇಲೆದ್ದಿತು. ಗುರುಗಳು ತಡೆಯಲಿಲ್ಲ.

“ಹೊಡಿ. ಆದ್ರ ಎಲ್ಲಿಂದ ಬರತೈತೋ ಅಲ್ಲಿ ಹೊಡಿ.”

ಕೊಟ್ರೇಶ ಮುಷ್ಟಿ ಬಿಚ್ಚಿದ. ಬಗ್ಗಿ ಕಂಪ್ಯೂಟರಿನ ಬೆನ್ನಿಗಿದ್ದ ನೆಟ್ಟಿನ ಕೇಬಲ್ಲನ್ನು ಕಿತ್ತ. ಎಳೆದ ರಭಸಕ್ಕೆ ಅದರ ತುದಿಯ ಕ್ಲಿಪ್ಪು ಮುರಿಯಿತು.

ಬಂದು ಕೂತಿದ್ದನ್ನು ಮತ್ತೊಮ್ಮೆ ತೆಗೆಯುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

“ಏನ್ರೀ ಅಜ್ಜಾರ!”

ಹಂಪವ್ವ ಬಂದಿದ್ದಳು. ತನ್ನ ದನಿ ತನಗೆ ಕೇಳಿಸದವಳಾದ್ದರಿಂದ ಅವಳ ಮಾತೆಲ್ಲ ಕೂಗು.

“ಮಗನ್ನ ನಿಮ್ಮ ಕೈಯಾಗ ಕೊಟ್ಟಿದ್ದೆ. ಇಷ್ಟು ಮಂದಿ ಇದ್ದೀರಿ. ಅವನ ಮೈ ಸುಡೋದು ಒಬ್ಬರ ಕೈಗೂ ತಾಕಲಿಲ್ಲೇನು?”

ಗುರುಗಳು ಎದ್ದು ನಿಂತರು. ಅವಳು ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಅವರು ಅವಳಿಗೆ ಎದುರಾಗಿ, ಬಿಡಿಸಿ ಬಿಡಿಸಿ ಹೇಳಿದರು, “ತಾಕಲಿಲ್ಲ, ಎವ್ವಾ.”

“ಭಾರೀ ಜ್ಞಾನಿಗಳು!”

ಗುರುಗಳು ಅದಕ್ಕೂ ತಲೆಯಾಡಿಸಿದರು. ಅವಳು ಕೊಟ್ರೇಶನ ಕಡೆ ತಿರುಗಿದಳು. ಮುಚ್ಚಳವಿಲ್ಲದ ಡಬ್ಬಿಯನ್ನು ನೋಡಿದಳು.

“ಏ ಕೊಟ್ರ್ಯಾ, ಪೆಟ್ಟಿಗಿ ಹೊಟ್ಟಿ ಬಗದು ಕುಂತೀಯಲ್ಲೋ. ಇದನ್ನೂ ಕೊಂದಿರೇನು?”

ಕೊಟ್ರೇಶ ಕಂಪ್ಯೂಟರಿನತ್ತ ತಿರುಗಿದ. ಹಳೆಯ ಡ್ರೈವರನ್ನು ಫೋನಿನಿಂದ ಕಂಪ್ಯೂಟರಿಗೆ ಹಾಕಿ ಓಡಿಸಿದ. ಅದು ಮುಗಿಯುವವರೆಗೂ ಬೇರೆ ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ಆರಿಸಿದ, ಹಚ್ಚಿದ, ಪಾಠ ತೆರೆದ.

ಚಿತ್ರ ಬಂತು.

ಎರಡು ಕೈ. ರೊಟ್ಟಿ ತಟ್ಟುವ ಮರದ ಕೊಣಮಿಗೆಯ ಮೇಲೆ ಜೋಳದ ಹಿಟ್ಟನ್ನು ತಟ್ಟುತ್ತಿದ್ದವು. ರೊಟ್ಟಿ ತಿರುಗುತ್ತ ತಿರುಗುತ್ತ ದೊಡ್ಡದಾಗುತ್ತಿತ್ತು. ಬಲಗೈಯ ಕಿರುಬೆರಳು ಸೊಟ್ಟಗಿತ್ತು.

ಹಂಪವ್ವ ತನ್ನ ಬಲಗೈಯನ್ನು ಮೇಲೆತ್ತಿ ನೋಡಿಕೊಂಡಳು. ಎಂದೋ ಮುರಿದು ಸೊಟ್ಟಗೇ ಕೂಡಿಕೊಂಡ ಕಿರುಬೆರಳು.

“ನನ್ನ ಕೈ ಬರದಾನ,” ಎಂದಳು. ಈ ಸಲ ದನಿ ಸಣ್ಣದಾಗಿತ್ತು.

ರೊಟ್ಟಿ ಉಬ್ಬುವುದು ಯಾಕೆ ಎಂಬುದು ಪಾಠ. ಪರದೆಯ ಕೈಗಳು ರೊಟ್ಟಿಯನ್ನು ಹಂಚಿಗೆ ಹಾಕಿದವು, ನೀರು ಒರೆಸಿದವು, ತಿರುವಿದವು. ಪಂಪಣ್ಣನ ದನಿ ಹೇಳುತ್ತಿತ್ತು, “ಒಳಗಿನ ನೀರು ಕಾದು ಹಬೆ ಆಗತೈತಿ. ಹಬೆಗೆ ಹೊರಗ ಹೋಗಾಕ ದಾರಿ ಸಿಗಂಗಿಲ್ಲ. ಆವಾಗ ನೋಡ್ರಿ…”

ಚಿತ್ರ ನಿಂತಿತು. ರೊಟ್ಟಿ ಹಂಚಿನ ಮೇಲೆ ಚಪ್ಪಟೆಯಾಗಿಯೇ ಇತ್ತು.

“ಮುಂದ?” ಎಂದಳು ಹಂಪವ್ವ.

“ಇಷ್ಟ ಐತಿ, ಎವ್ವಾ,” ಎಂದು ಕೊಟ್ರೇಶ ಕೈಯಾಡಿಸಿ ತೋರಿಸಿದ.

ಅವಳು ಆ ಸೊಟ್ಟ ಬೆರಳಿನ ಕೈಯಿಂದ ಮೇಜನ್ನು ಗುದ್ದಿದಳು.

“ಹಂಚಿನ ಮ್ಯಾಲ ರೊಟ್ಟಿ ಬಿಟ್ಟು ಯಾರರ ಎದ್ದು ಹೋಗ್ತಾರೇನೋ!”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕೊಟ್ರೇಶನ ಎದೆಗೆ ಬೆರಳು ಚುಚ್ಚಿದಳು.

“ನೀ ಉಬ್ಬಸು. ಉಬ್ಬಿದ್ದು ನೋಡೇ ನಾ ಹೊಳಿ ದಾಟಾಕಿ.”

ಹೊರಗೆ ಹೋಗಿ, ಬಾಗಿಲಿಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಕುಳಿತಳು.

ಕೊಟ್ರೇಶ ಕುರ್ಚಿಯ ಪಕ್ಕದಲ್ಲೇ ನಿಂತಿದ್ದ.

“ಅಜ್ಜಾರ, ನನಗ ಸಿಟ್ಟು ಇನ್ನೂ ಹೋಗಿಲ್ರಿ. ಅವನ ಮ್ಯಾಲ, ಆಕಿ ಮ್ಯಾಲ, ನಿಮ್ಮ ಮ್ಯಾಲ. ಎಲ್ಲಾ ಹೋಗಲಿ, ಆಮ್ಯಾಲ ಕುಂದರ್ತೀನಿ.”

ಗುರುಗಳು ಕುರ್ಚಿಯನ್ನು ಅವನತ್ತ ಸರಿಸಿದರು.

“ಹಬೆ ಹೋದ ಮ್ಯಾಲ ರೊಟ್ಟಿ ಉಬ್ಬತೈತೇನು? ಈಗ ಕುಂದ್ರು.”