ಮೊದಲು ಮಗ್ಗುಲಿನವರ ಸಾಲು

ಪೂಜ್ಯ ಶ್ರೀ ಸೋಮಲಿಂಗಜ್ಜನವರಿಗೆ ಮಠವಿರಲಿಲ್ಲ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಿರೇಬನ್ನಿ ಮತ್ತು ಕಲ್ಲಗುಡಿಹಾಳ ಎಂಬ ಎರಡು ಊರುಗಳ ಜನರನ್ನು ಸರಕಾರ ಒಂದೇ ಬಯಲಿನಲ್ಲಿ ತಂದು ಕೂರಿಸಿತ್ತಲ್ಲ, ಆ ಹೊಸ ಊರಿನ ತಗಡಿನ ಭಜನಾಮಂದಿರದ ಒಂದು ಮೂಲೆಯೇ ಅವರ ಮಠ. ಒಂದು ಕಂಬಳಿ, ಒಂದು ತಂಬಿಗೆ. ಹಗಲೆಲ್ಲ ಮುತ್ತುಗದ ಎಲೆಯ ಊಟದ ಪತ್ರಾವಳಿ ಹಚ್ಚುತ್ತ ಕೂತಿರುತ್ತಿದ್ದರು.

ಮನೆಗಳನ್ನು ಕೂಡಿಸಿದಷ್ಟು ಸುಲಭವಾಗಿ ಮನಸ್ಸುಗಳನ್ನು ಕೂಡಿಸಲು ಯಾವ ಸರಕಾರಕ್ಕಾದೀತು? ಅಜ್ಜನವರು ಬರುವ ಮೊದಲೇ, ಭಜನೆಯನ್ನು ಯಾವ ಊರಿನವರು ಶುರು ಮಾಡಬೇಕು ಎಂಬ ಮಾತಿಗೆ ಅಲ್ಲಿ ಹೊಡೆದಾಟವಾಗಿತ್ತು. ಶಿವನಾಮ ಹಾಡಲು ಬಂದವರು ಬಡಿದಾಡಿಕೊಂಡರು! ಕಲ್ಲಗುಡಿಹಾಳದ ಪಾರಪ್ಪ ಬೀಸಿದ ತಾಳ ಹಿರೇಬನ್ನಿಯ ಕಲ್ಲಿನಾಥ ಗವಾಯಿಗಳ ಹುಬ್ಬನ್ನು ಸೀಳಿತು. ಅಂದಿನಿಂದ ಎರಡೂರಿನ ನಡುವೆ ಕೊಡುಕೊಳ್ಳುವುದು ನಿಂತಿತು. ಗವಾಯಿಗಳ ಒಬ್ಬಳೇ ತಂಗಿ ನಿಂಬೆವ್ವ ಕಲ್ಲಗುಡಿಹಾಳದವರ ಸೊಸೆ. ಪಂಚಮಿ ಹಬ್ಬಕ್ಕೆ ಅವಳನ್ನು ತವರಿಗೆ ಕರೆಯಲೂ ಗವಾಯಿಗಳು ಹೋಗಲಿಲ್ಲ. ಆಕೆ ಹೊಸ್ತಿಲಲ್ಲಿ ನಿಂತು ದಾರಿ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ.

ಅಜ್ಜನವರು ಯಾರಿಗೂ ಬುದ್ಧಿ ಹೇಳಲಿಲ್ಲ. ಸೋಮವಾರದ ಸಂಜೆ ಬಂದವರನ್ನು ದುಂಡಗೆ ಕೂಡಿಸಿ ಹಾಡಿಸತೊಡಗಿದರು. ಈ ಊರಿನವರೊಬ್ಬರು, ಪಕ್ಕದಲ್ಲಿ ಆ ಊರಿನವರೊಬ್ಬರು. ಕಲಿತ ಪದ ಹಾಡುವಂತಿಲ್ಲ, ಆ ಕ್ಷಣಕ್ಕೆ ಹೊಳೆದದ್ದನ್ನೇ ಹಾಡಬೇಕು. ಆದರೆ ತನ್ನ ಸಾಲನ್ನು ಎತ್ತುವ ಮೊದಲು ಮಗ್ಗುಲಿನವರು ಹಾಡಿದ ಸಾಲನ್ನು ಅವರ ಧಾಟಿಯಲ್ಲೇ ಒಮ್ಮೆ ಹಾಡಬೇಕು. ಇದೊಂದೇ ಕಟ್ಟಳೆ. ಹಾಡುವುದು ಕಂಠದ ಕೆಲಸವೆಂದು ನಾವು ತಿಳಿದಿದ್ದೇವೆ. ಅಜ್ಜನವರು ಅದನ್ನು ಕಿವಿಯ ಕೆಲಸ ಮಾಡಿಬಿಟ್ಟಿದ್ದರು. ಮೊದಮೊದಲು ನಾಲ್ಕು ಮುದುಕಿಯರು ಬಂದರು, ಆಮೇಲೆ ಅವರ ಸೊಸೆಯಂದಿರು, ಕೊನೆಗೆ ಪಾರಪ್ಪನಂಥ ಪಾರಪ್ಪನೂ ಬಂದು ಕೂತ.

ಗವಾಯಿಗಳು ಮಾತ್ರ ಅತ್ತ ಸುಳಿಯಲಿಲ್ಲ. ಬಾಯಿಗೆ ಬಂದದ್ದು ಹಾಡುವುದು ಅವರ ದೃಷ್ಟಿಯಲ್ಲಿ ಸಂಗೀತವೇ ಅಲ್ಲ. ಮಂದಿರದ ನಡುವೆ ಗೋಡೆ ಕಟ್ಟಿ ಎರಡು ಪಾಲು ಮಾಡಬೇಕೆಂದು ತಮ್ಮವರನ್ನು ಒಪ್ಪಿಸಿ, ಬಾಗಿಲಲ್ಲೇ ಕಲ್ಲು ಹಾಕಿಸಿದರು. ಒಂದು ಸೋಮವಾರ ಸಂಜೆ ಕೂಟ ನಡೆದಿರುವಾಗಲೇ ತೆಂಗಿನಕಾಯಿ ಹಿಡಿದು ಒಳಗೆ ಬಂದರು.

"ಅಜ್ಜಾರ, ನಾಳೆ ಗ್ವಾಡಿ ಏಳತೈತ್ರಿ. ಮೊದಲನೇ ಕಲ್ಲಿಗೆ ತಮ್ಮ ಕೈಲೆ ಪೂಜಾ ಆಗಬೇಕ್ರಿ."

ತಾಳ ನಿಂತಿತು. ಕೂಟದಲ್ಲಿ ಕೂತಿದ್ದ ನಿಂಬೆವ್ವ ತಲೆ ತಗ್ಗಿಸಿದಳು. ಗೋಡೆ ಎದ್ದರೆ ಅಣ್ಣನ ಮುಖವನ್ನು ದೂರದಿಂದ ನೋಡುವುದೂ ತಪ್ಪುತ್ತದೆಂದು ಅವಳಿಗೆ ಗೊತ್ತಿತ್ತು.

ಅಜ್ಜನವರು ಸಿಟ್ಟಾಗಲಿಲ್ಲ. "ಮಾಡೋಣಂತ. ಮೊದಲು ಒಂದು ಸಾಲು ಹಾಡಿ ಹೋಗು," ಎಂದು ಖಾಲಿ ಇದ್ದ ಜಾಗ ತೋರಿಸಿದರು. ಅದು ಪಾರಪ್ಪನಿಗೂ ನಿಂಬೆವ್ವನಿಗೂ ನಡುವಿನ ಜಾಗ.

"ಇಂಥಾ ಹಾಡು ನನಗ ಬರಾಂಗಿಲ್ರಿ," ಎಂದರು ಗವಾಯಿಗಳು. ಆದರೂ ಅಜ್ಜನವರ ಮಾತು ಮೀರಲಾರದೆ ತೆಂಗಿನಕಾಯಿಯನ್ನು ಮೂಲೆಯಲ್ಲಿಟ್ಟು ಕೂತರು.

ತಾಳ ಮತ್ತೆ ಶುರುವಾಯಿತು. ಸರದಿ ಪಾರಪ್ಪನಿಗೆ ಬಂತು. ಪಾರಪ್ಪನದು ಒಡಕು ಧ್ವನಿ. ಕಣ್ಣು ಮುಚ್ಚಿ ಎತ್ತಿದ:

"ಅವ್ವನ ಮಣ್ಣ ಮಾಡಿದ ಜಾಗ ನೀರಾಗ ಹೋತಲ್ಲೋ, ಶಿವನೇ, ನೀರಾಗ ಹೋತಲ್ಲೋ."

ಕಟ್ಟಳೆಯಂತೆ ಈಗ ಗವಾಯಿಗಳು ಇದನ್ನೇ ಹಾಡಬೇಕು. ತಮ್ಮ ಹುಬ್ಬು ಒಡೆದವನ ಸಾಲು! ಪಳಗಿದ ಕಂಠ, ಸಲೀಸಾಗಿಯೇ ಎತ್ತಿದರು. "ಅವ್ವನ" ಎಂಬಲ್ಲಿ ಧ್ವನಿ ನಿಂತುಹೋಯಿತು. ಅವರ ತಾಯಿಯ ಸಮಾಧಿಯೂ ಅದೇ ಹಿನ್ನೀರಿನ ತಳದಲ್ಲಿತ್ತು. ಊರು ಬಿಟ್ಟ ಮೇಲೆ ಆ ಮಾತನ್ನು ಅವರು ಯಾರ ಮುಂದೆಯೂ ಆಡಿರಲಿಲ್ಲ.

"ತಾಳ ಕಾಯಾಕತ್ತೈತಿ, ತಮ್ಮಾ," ಎಂದರು ಅಜ್ಜನವರು ಮೆಲ್ಲಗೆ.

ಗವಾಯಿಗಳು ಪಾರಪ್ಪನ ಸಾಲನ್ನು ಪೂರ್ತಿ ಹಾಡಿದರು. ಆಮೇಲೆ ತಮ್ಮದು ಬಂತು. ಯಾವ ಗುರುವೂ ಅದನ್ನು ಕಲಿಸಿರಲಿಲ್ಲ:

"ನಿನ್ನವ್ವನ ಮ್ಯಾಲಿನ ನೀರ ನನ್ನವ್ವನ ಮ್ಯಾಲೈತೋ, ಶಿವನೇ, ನನ್ನವ್ವನ ಮ್ಯಾಲೈತೋ."

ಪಾರಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ನಿಂಬೆವ್ವ ಅಣ್ಣನ ಸಾಲನ್ನು ಹಾಡಿ, ಬಳಿಕ ತನ್ನದನ್ನು ಎತ್ತಿದಳು:

"ಅವ್ವನಿಲ್ಲದ ಪಂಚಮಿಗೆ ಅಣ್ಣ ಬರಲಿಲ್ಲೋ, ಶಿವನೇ, ಅಣ್ಣ ಬರಲಿಲ್ಲೋ."

ಅವಳ ಮಗ್ಗುಲಲ್ಲಿ ಅಜ್ಜನವರೇ ಇದ್ದರು. ನಿಂಬೆವ್ವನ ಸಾಲನ್ನು ಒಮ್ಮೆ ಹಾಡಿ ಅವರು ಗವಾಯಿಗಳ ಕಡೆಗೆ ತಿರುಗಿದರು. ಎಲ್ಲರೂ ಅವರ ಮುಖ ನೋಡುತ್ತಿದ್ದರು.

"ಇದರ ಮುಂದಿನ ಸಾಲು ನನ್ನ ಹಂತ್ಯಾಕಿಲ್ಲ, ಗವಾಯಿ. ನಿನ್ನ ಹಂತ್ಯಾಕೈತಿ."

ಗವಾಯಿಗಳು ಹಾಡಲು ಬಾಯಿ ತೆರೆದರು. ಮೊದಲು ಬಂದದ್ದು ಅಳು. ತಂಗಿಯ ಸಾಲನ್ನು ಅಳುತ್ತಲೇ ಹಾಡಿ ಮುಗಿಸಿ, ಅವಳ ಕೈ ಹಿಡಿದು ತಮ್ಮದನ್ನು ಸೇರಿಸಿದರು:

"ಹಬ್ಬದ ಹಾದಿ ಕಾಯೂದ್ಯಾಕ, ಇಂದ ನಡಿ ತಂಗೀ, ನನ್ನ ಮನಿಗೆ ನಡಿ ತಂಗೀ."

ಅದನ್ನು ಕೇಳಿ ಅಳದಿದ್ದವರು ಆ ಕೂಟದಲ್ಲಿ ಯಾರೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಅಜ್ಜನವರು ಮೂಲೆಯಲ್ಲಿ ಹಾಗೇ ಉಳಿದಿದ್ದ ತೆಂಗಿನಕಾಯಿಯನ್ನು ಕೈಗೆತ್ತಿಕೊಂಡರು.

"ಪೂಜಾ ಮಾಡತೀನಿ ಅಂದಿದ್ದೆ. ಮೊದಲನೇ ಕಲ್ಲು ಎಲ್ಲಿ ಇಡೋಣ ಹೇಳು."

ಗವಾಯಿಗಳು ಪಾರಪ್ಪನ ಕಡೆಗೆ ನೋಡಿದರು. "ಅಂವ ಮೊದಲು ಹೇಳಲ್ರೀ ಅಜ್ಜಾರ. ಆಮ್ಯಾಲೆ ನಾ ಹೇಳತೀನಿ."

ಗೋಡೆಗೆಂದು ತಂದ ಕಲ್ಲುಗಳು ಮಂದಿರದ ಮುಂದೆ ಒಂದು ಉದ್ದನೆಯ ಕಟ್ಟೆಯಾದವು. ಗವಾಯಿಗಳು ಕಲ್ಲು ಎತ್ತಿಕೊಟ್ಟರು, ಪಾರಪ್ಪ ಇಟ್ಟ. ನಿಂಬೆವ್ವ ತವರುಮನೆಯಿಂದ ಇಬ್ಬರಿಗೂ ರೊಟ್ಟಿ ಹೊತ್ತು ತಂದಳು.