ಎರಡು ಕೊಡದ ದಿನ್ನೆ

ಹುಣಸಿಗೇರಿಯಿಂದ ಮೂಡಣಕ್ಕೆ ಹೋಗುವ ರಸ್ತೆ ಒಂದು ಬೋಳು ದಿನ್ನೆಯನ್ನು ಏರಿ ಇಳಿಯುತ್ತದೆ. ದಿನ್ನೆಯ ನೆತ್ತಿಯಲ್ಲಿ ಆಳೆತ್ತರದ ಬಂಡೆಯೊಂದಿದೆ, ಅದರ ಪಕ್ಕದಲ್ಲಿ ಬೇವಿನ ಮರವಿದೆ. ಮರದ ನೆರಳಿನ ಕಟ್ಟೆಯ ಮೇಲೆ ಎರಡು ಕೊಡಗಳಿವೆ. ಒಂದು ಮಣ್ಣಿನದು, ಇನ್ನೊಂದು ತಾಮ್ರದ್ದು. ತಾಮ್ರದ ಕೊಡದ ಹೊಟ್ಟೆ ಒಂದು ಕಡೆ ನೆಗ್ಗಿದೆ. ಬಂಡೆಯ ಮುಖಕ್ಕೆ ಭಂಡಾರ ಬಳಿದಿದ್ದಾರೆ, ಆದರೆ ಆ ಹಳದಿಯ ನಡುವೆ ಮೂರ್ತಿ ಇಲ್ಲ, ತ್ರಿಶೂಲವಿಲ್ಲ, ಒಂದು ಗೆರೆಯೂ ಇಲ್ಲ. ಬಸ್ಸಿನವರು, ಲಾರಿಯವರು, ಕುರಿ ಹೊಡೆದುಕೊಂಡು ಬರುವವರು ಎಲ್ಲರೂ ಇಲ್ಲಿ ನಿಂತು ನೀರು ಕುಡಿಯುತ್ತಾರೆ. ತಾಮ್ರದ ಕೊಡ ದೊಡ್ಡವರಿಗೆ, ಮಣ್ಣಿನದು ಬಡವರಿಗೆ ಎಂದು ಪಟ್ಟಣದಿಂದ ಬಂದವರೊಬ್ಬರು ನನಗೇ ವಿವರಿಸಿ ಹೇಳಿದ್ದುಂಟು. ಅವರ ಜಾಣತನ ಅವರ ಹತ್ತಿರವೇ ಇರಲಿ. ಇಲ್ಲಿ ಯಾರಾದರೂ ಯಾವುದರಿಂದಾದರೂ ಕುಡಿಯಬಹುದು. ನಿಯಮ ಇರುವುದು ತುಂಬುವವರಿಗೆ ಮಾತ್ರ: ಮೊದಲು ತಾಮ್ರದ ಕೊಡ ತುಂಬಬೇಕು, ಆಮೇಲೆ ಮಣ್ಣಿನದು.

ಹಿಂದೆ ಒಮ್ಮೆ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಈ ದಿನ್ನೆಗೆ ಹೆಸರೇ ಇರಲಿಲ್ಲ ಎನ್ನುತ್ತಾರೆ. ಯುದ್ಧ ಎಲ್ಲಿ ನಡೆಯುತ್ತಿದೆ, ಯಾರ ಯಾರ ನಡುವೆ ನಡೆಯುತ್ತಿದೆ ಎಂಬುದು ಹುಣಸಿಗೇರಿಯವರಿಗೆ ತಿಳಿದಿರಲಿಲ್ಲ. ಅದನ್ನು ತಿಳಿಸಲೆಂದೇ ಸೈನ್ಯಕ್ಕೆ ಆಳು ಸೇರಿಸುವ ಜಮಾದಾರನೊಬ್ಬ ಊರೂರು ತಿರುಗುತ್ತಿದ್ದ. ಗಿರಿಜಾ ಮೀಸೆ, ಹೊಳೆಯುವ ಬೂಟು, ಗಂಟೆಯಂಥ ಗಂಟಲು. ಚಾವಡಿಯ ಮುಂದೆ ಡಂಗುರ ಹೊಡೆಸಿ ಅವನು ಹೇಳುತ್ತಿದ್ದುದು ಒಂದೇ ಮಾತು: ಗೆಲುವು ನಮ್ಮದೇ, ಹೋದವರಿಗೆ ಹೊಟ್ಟೆ ತುಂಬ ಅನ್ನ, ಮೈ ತುಂಬ ಬಟ್ಟೆ, ಬಸರಾ ಎಂಬ ನಾಡಿನಲ್ಲಿ ಖರ್ಜೂರದ ತೋಟ, ತೋಟದ ಬದಿಯಲ್ಲಿ ಸಿಹಿನೀರಿನ ಹೊಳೆ. ಊರ ಪಾಟೀಲ ರುದ್ರಗೌಡನಿಗೆ ಮೇಲಿನಿಂದ ಒತ್ತಾಯವಿತ್ತು. ಆಳು ಕೊಟ್ಟ ಪಾಟೀಲನಿಗೆ ದರ್ಬಾರಿನಲ್ಲಿ ಶಾಲು ಹೊದಿಸುತ್ತಾರೆಂಬ ಆಸೆಯೂ ಇತ್ತು. ಅವನೇ ಮನೆಮನೆಗೆ ಹೋಗಿ ಹುಡುಗರನ್ನು ಒಪ್ಪಿಸಿದ. ಹಾಗೆ ಹೋದವರಲ್ಲಿ ವಿಧವೆ ತಂಗೆವ್ವನ ಒಬ್ಬನೇ ಮಗ ಫಕೀರಪ್ಪನೂ ಇದ್ದ. ಹೊಳೆಯ ನೀರು ಕುಡಿದು ಬರ್ತೀನಿ ಎಂದು ನಗುತ್ತಲೇ ಹೋದನಂತೆ.

ಮುಂದಿನ ಬೇಸಿಗೆಯಲ್ಲಿ ನೆರೆಯೂರಿಗೆ ಗಾಯಗೊಂಡ ಸಿಪಾಯಿಯೊಬ್ಬ ಮರಳಿದ. ಅಲ್ಲಿ ಹೊಳೆ ಇರುವುದು ನಿಜ, ಆದರೆ ಅದರ ದಂಡೆ ವೈರಿಯ ಕೈಯಲ್ಲಿದೆ, ನಮ್ಮವರು ಮರಳಿನಲ್ಲಿ ನಾಲಿಗೆ ಹೊರಚಾಚಿಕೊಂಡು ಬಿದ್ದಿದ್ದಾರೆ ಎಂದು ಅವನು ಹೇಳಿದ ಮಾತು ತಂಗೆವ್ವನ ಕಿವಿಗೂ ಬಿತ್ತು. ಅವಳು ಅಳಲಿಲ್ಲ, ಪಾಟೀಲನ ಬಾಗಿಲಿಗೆ ಹೋಗಿ ಜಗಳವಾಡಲೂ ಇಲ್ಲ. ಮರುದಿನ ಬೆಳಗ್ಗೆ ಊರ ಬಾವಿಯಿಂದ ಮಣ್ಣಿನ ಕೊಡ ಹೊತ್ತು ಈ ದಿನ್ನೆ ಹತ್ತಿ, ಬೇವಿನ ಬುಡದಲ್ಲಿ ಅರವಟ್ಟಿಗೆ ಇಟ್ಟಳು. ಇಲ್ಲಿ ದಾರಿಹೋಕನ ಗಂಟಲು ತಣ್ಣಗಾದರೆ ಅಲ್ಲಿ ಮಗನ ಗಂಟಲು ತಣ್ಣಗಾಗುತ್ತದೆ ಎಂಬುದು ಅವಳ ನಂಬಿಕೆ. ಕೊಡ ಒಣಗಿದರೆ ಅವನ ಬಾಯಿಯೂ ಒಣಗೀತು ಎಂಬ ಭಯದಲ್ಲಿ ಅವಳು ಸುಡು ಬಿಸಿಲಲ್ಲಿ ಮತ್ತೆ ಮತ್ತೆ ಇಳಿದು ಹತ್ತುತ್ತಿದ್ದಳು. ಬೊಗಸೆಗೆ ನೀರು ಹಾಕುವಾಗ ಯಾವ ಊರು, ಯಾವ ಜಾತಿ ಎಂದು ಕೇಳುತ್ತಿರಲಿಲ್ಲ. “ನಮ್ಮ ಫಕೀರಪ್ಪನ ಬಾಯಿ ತಣ್ಣಗಿರಲಿ ಅಂತ ಅನ್ನಪಾ, ಅಷ್ಟ ಸಾಕು” ಎನ್ನುತ್ತಿದ್ದಳು. ದಾರಿಯವರೂ ಅಷ್ಟನ್ನು ಹೇಳಿಯೇ ಮುಂದೆ ಹೋಗುತ್ತಿದ್ದರು.

ಜಮಾದಾರನಿಗೆ ಈ ಅರವಟ್ಟಿಗೆಯಿಂದ ತೊಂದರೆ ಶುರುವಾಯಿತು. ನೀರು ಕುಡಿದವರೆಲ್ಲ ಬಸರಾದಲ್ಲಿ ನೀರಿಲ್ಲವಂತೆ ಎಂಬ ಸುದ್ದಿಯನ್ನೂ ಹೊತ್ತುಕೊಂಡು ಹೋಗುತ್ತಿದ್ದರು. ಆಳು ಸೇರುವುದು ಕಡಿಮೆಯಾಯಿತು. ಜನರಿಗೆ ವೈರಿಯ ಮೇಲೆ ಸಿಟ್ಟು ಬರಬೇಕೆಂದು ಅವನು ಸರಕಾರ ಅಚ್ಚು ಹಾಕಿಸಿದ ದೊಡ್ಡ ಬಣ್ಣದ ಚಿತ್ರವೊಂದನ್ನು ತಂದು ಈ ಬಂಡೆಗೇ ಅಂಟಿಸಿದ. ಕೆಂಡದಂಥ ಕಣ್ಣು, ಕೋರೆ ಹಲ್ಲು, ಹೊರಚಾಚಿದ ನಾಲಿಗೆ, ಕೈಯಲ್ಲಿ ಕತ್ತಿ, ಕಾಲಡಿಯಲ್ಲಿ ಸುಡುವ ಊರು. ಇವನೇ ವೈರಿ ಎಂದು ಕೆಳಗೆ ಬರೆದಿತ್ತು. ಹುಣಸಿಗೇರಿಯಲ್ಲಿ ಓದಬಲ್ಲವರು ಬೆರಳೆಣಿಕೆಯಷ್ಟು. ಹೆಂಗಸರಲ್ಲಂತೂ ಯಾರೂ ಇರಲಿಲ್ಲ. ಅವರು ಕಂಡದ್ದು ಕೋರೆ ಹಲ್ಲನ್ನು, ನಾಲಿಗೆಯನ್ನು. ನಮ್ಮ ಕಡೆಯ ಊರಮ್ಮಂದಿರಿಗೆಲ್ಲ ಇರುವುದು ಅದೇ ಹಲ್ಲು, ಅದೇ ನಾಲಿಗೆ. ದೇವತೆ ಉರಿದು ನಿಂತಾಗ ಬೈಯುವುದಿಲ್ಲ, ಹೊಡೆಯುವುದಿಲ್ಲ. ನೀರು ಹಾಕಿ, ಭಂಡಾರ ಹಚ್ಚಿ, ತಂಪು ಮಾಡುತ್ತೇವೆ. ತಂಗೆವ್ವ ಚಿತ್ರವನ್ನು ಬಹಳ ಹೊತ್ತು ನೋಡಿದಳಂತೆ. ಸಂಜೆ ಕುಂಬಾರನ ಮನೆಯಿಂದ ಇನ್ನೊಂದು ಕೊಡ ತಂದು, ತುಂಬಿ, ಚಿತ್ರದ ಮುಂದೆ ಇಟ್ಟು, ಅದರ ಹಣೆಗೆ ಭಂಡಾರ ಹಚ್ಚಿದಳು. ವಾರ ಕಳೆಯುವುದರೊಳಗೆ ಮಗನನ್ನೋ ಗಂಡನನ್ನೋ ಕಳಿಸಿದ ಹೆಂಗಸರೆಲ್ಲ ಅಲ್ಲಿಗೆ ಬರತೊಡಗಿದರು.

ಸುದ್ದಿ ತಿಳಿದು ಜಮಾದಾರ ಕುದುರೆ ಏರಿ ಬಂದ, ಜೊತೆಗೆ ರುದ್ರಗೌಡನನ್ನೂ ಕರೆತಂದ. ವೈರಿಯ ಮೋರೆ ಭಂಡಾರದಲ್ಲಿ ಮುಳುಗಿ ಹೋಗಿತ್ತು. ಜಮಾದಾರನ ಸಿಟ್ಟು ನೆತ್ತಿಗೇರಿತು.

“ಮುದುಕಿ, ಇವಾ ಯಾರು ಗೊತ್ತೈತೇನು ನಿನಗ? ನಿನ್ನ ಮಗನ್ನ ಕೊಲ್ಲಾಕ ನಿಂತಾವ ಇವನ!”

“ಗೊತ್ತೈತ್ರಿ ಸಾಹೇಬ್ರ” ಎಂದಳು ತಂಗೆವ್ವ. “ಅದಕ್ಕ ತಂಪ ಮಾಡಾಕತ್ತೀನಿ. ಅವನ ಮುಂದ ನಿಂತಾವ ನನ್ನ ಮಗ, ನೀವಲ್ಲ.”

ಜಮಾದಾರ ಬೆತ್ತ ಬೀಸಿ ಚಿತ್ರದ ಮುಂದಿನ ಕೊಡವನ್ನು ಒಡೆದ. ನೀರು ಹರಿದು ಹೋಯಿತು. ವೈರಿಗೆ ನೀರಿಟ್ಟವರನ್ನು ಜೇಲಿಗೆ ಹಾಕಿಸುತ್ತೇನೆ ಎಂದು ಕೂಗಾಡಿ ಹೋದ. ಮರುದಿನ ನೋಡಿದರೆ ಅದೇ ಜಾಗದಲ್ಲಿ ಇನ್ನೊಂದು ಕೊಡ, ಅಂಚಿನವರೆಗೆ ನೀರು. ಅದನ್ನೂ ಒಡೆದ. ಮತ್ತೊಂದು ಬಂತು. ಇಟ್ಟವರು ಯಾರೆಂದು ಚಾವಡಿಯಲ್ಲಿ ವಿಚಾರಣೆ ನಡೆಸಿದರೆ ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡಿತು. ಬಂಡೆಯೇ ಕೊಡ ಹೆರುತ್ತಿತ್ತು ಎಂದು ಹೇಳುವವರು ಈಗಲೂ ಇದ್ದಾರೆ. ನಾನು ಅದನ್ನು ನಂಬುವುದಿಲ್ಲ. ಬರಗಾಲದ ಬಾವಿಯಿಂದ, ತಮ್ಮ ಮಕ್ಕಳ ಪಾಲಿನ ನೀರನ್ನು ಉಳಿಸಿ, ಜೇಲಿನ ಬೆದರಿಕೆಯ ನಡುವೆ, ಹೆಸರೂ ಗೊತ್ತಿಲ್ಲದ ವೈರಿಗಾಗಿ ದಿನ್ನೆ ಹತ್ತಿದ ಆ ಹೆಂಗಸರನ್ನು ನೆನೆದಾಗ ಮೈ ಜುಮ್ಮೆನ್ನುತ್ತದೆ. ಬಂಡೆ ಕೊಡ ಹೆತ್ತಿದ್ದರೆ ಇಷ್ಟು ಬೆರಗಾಗುತ್ತಿರಲಿಲ್ಲ.

ಕೊನೆಗೊಂದು ಬೆಳಗ್ಗೆ ಅಲ್ಲಿದ್ದದ್ದು ತಾಮ್ರದ ಕೊಡ. ಜಮಾದಾರ ಎಂದಿನಂತೆ ಬೆತ್ತ ಬೀಸಿದ. ಠಣ್ ಎಂದು ಸದ್ದಾಯಿತು, ಹೊಟ್ಟೆ ನೆಗ್ಗಿತು, ಕೊಡ ಮಾತ್ರ ಒಡೆಯಲಿಲ್ಲ. ಬಗ್ಗಿ ನೋಡಿದರೆ ಪಾಟೀಲರ ವಾಡೆಯ ಕೊಡ! ಅಲ್ಲಿ ಊಟಕ್ಕೆ ಕುಳಿತಾಗಲೆಲ್ಲ ಅವನ ಕೈಗೆ ನೀರು ಬಿದ್ದದ್ದು ಅದರಿಂದಲೇ. ರುದ್ರಗೌಡನ ಹೆಂಡತಿ ಬಸಲಿಂಗವ್ವನೇ ಅದನ್ನು ಹೊತ್ತು ತಂದಿದ್ದಳು. ಅವಳ ತವರಿನ ತಮ್ಮನೂ ದಂಡಿಗೆ ಹೋಗಿದ್ದ. ಜಮಾದಾರ ಜೊತೆಗೆ ಬಂದಿದ್ದ ಪಾಟೀಲನ ಮುಖ ನೋಡಿದ. ಶಾಲಿನ ಆಸೆ ಹೊತ್ತ ಆ ಗೌಡ ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬಂಡೆಗೆ ಕೈ ಮುಗಿದನಂತೆ. ಜಮಾದಾರ ಕುದುರೆ ಹತ್ತಿದವನು ಮತ್ತೆ ಈ ಕಡೆ ಬರಲಿಲ್ಲ. ಮಳೆ ಬಂದು ಚಿತ್ರ ತೊಳೆದು ಹೋಯಿತು, ಭಂಡಾರ ಉಳಿಯಿತು.

ಯುದ್ಧ ಮುಗಿದ ಮೇಲೆ ಬಾಳಪ್ಪನೆಂಬ ಸಿಪಾಯಿ ಕುಂಟುತ್ತ ದಿನ್ನೆ ಹತ್ತಿ ಬಂದ. ಅವನು ಫಕೀರಪ್ಪನ ಜೊತೆಗಾರ. ತಂಗೆವ್ವ ಅವನ ಬೊಗಸೆಗೆ ನೀರು ಹಾಕಿದಳು. ಫಕೀರಪ್ಪನ ಹೆಸರು ಹೇಳು ಎಂದಾಗ ಅವನು ಕುಡಿಯಲಾರದೆ ಕೈ ಬಿಟ್ಟ. ನೀರು ನೆಲಕ್ಕೆ ಬಿತ್ತು. ಆಗಲೇ ಅವಳಿಗೆ ತಿಳಿದು ಹೋಯಿತು.

“ನೀರಿಲ್ಲದ ಹ್ವಾದನೇನಪಾ?” ಎಂದಷ್ಟೇ ಕೇಳಿದಳು.

“ಇಲ್ಲವ್ವಾ. ನಾವಿಬ್ಬರೂ ಗುಂಡ ತಗಲಿ ಒಂದ ತಗ್ಗಿನಾಗ ಬಿದ್ದಿದ್ವಿ. ನೀರು ನೀರು ಅಂತಿದ್ದ, ನನ್ನ ಹತ್ರ ಹನಿ ಇದ್ದಿಲ್ಲ. ಆ ಕಡಿಯವ ಒಬ್ಬ ಬಂದೂಕ ಹಿಡದು ತಗ್ಗಿಗೆ ಇಳದ. ಮುಗೀತು ಅನಕೊಂಡೆ. ಅವಾ ಬಂದೂಕ ಬಾಜೂಕ ಇಟ್ಟು, ಫಕೀರಪ್ಪನ ತಲಿ ತೊಡಿ ಮ್ಯಾಲ ಇಟಗೊಂಡು, ತನ್ನ ನೀರು ಕುಡಿಸಿದ. ಕುಡದ ಮ್ಯಾಲನ ಇವಾ ಕಣ್ಣ ಮುಚ್ಚಿದ.”

“ಅವಗ ಕೋರಿ ಹಲ್ಲ ಇದ್ದುವೇನು?”

“ಮೀಸಿ ಸೈತ ಮೂಡಿದ್ದಿಲ್ಲವ್ವಾ.”

ತಂಗೆವ್ವ ಎದ್ದು, ತುಂಬಿದ ಬಿಂದಿಗೆಯನ್ನು ಎತ್ತಿಕೊಂಡು ಮಗನ ಮಣ್ಣಿನ ಕೊಡವನ್ನು ದಾಟಿ ಹೋಗಿ ತಾಮ್ರದ ಕೊಡಕ್ಕೆ ಸುರಿದಳು. “ಮುಟ್ಟೇತಿ” ಎಂದಳು, “ನೀರು ಮುಟ್ಟೇತಿ.” ಆಮೇಲೆ ಆ ಕೊಡವನ್ನು ತಬ್ಬಿಕೊಂಡು ಅತ್ತಳು. ಆ ಅಳು ಊರಿನವರೆಗೂ ಕೇಳಿಸಿತು ಎನ್ನುತ್ತಾರೆ.

ಅವಳು ಬದುಕಿದ್ದ ತನಕ ಎರಡು ಕೊಡಗಳನ್ನೂ ತುಂಬಿದಳು. ಆಮೇಲೆ ಊರಿನ ಸೊಸೆಯಂದಿರು ಸರದಿಯ ಮೇಲೆ ತುಂಬುತ್ತ ಬಂದಿದ್ದಾರೆ. ಈಗ ಕಟ್ಟೆಯ ತನಕ ನಲ್ಲಿ ಬಂದಿದೆ, ಹೊರುವ ಕಷ್ಟವಿಲ್ಲ. ಹೊಸದಾಗಿ ಮದುವೆಯಾಗಿ ಬಂದವಳು ಮೊದಲ ದಿನ ಮಣ್ಣಿನ ಕೊಡದ ಕಡೆಗೆ ಕೈ ಮಾಡಿದರೆ ಅತ್ತೆಯಾದವಳು ಅವಳ ಮುಂಗೈ ಹಿಡಿದು ತಾಮ್ರದ ಕೊಡದ ಕಡೆಗೆ ತಿರುಗಿಸುತ್ತಾಳೆ. “ಮೊದಲ ಅವರದು, ತಂಗಿ” ಎನ್ನುತ್ತಾಳೆ. ನೀವು ಈ ದಾರಿಯಲ್ಲಿ ಬೆಳಗ್ಗೆ ಹೋದರೆ ಇದನ್ನು ನೋಡಬಹುದು. ಆ ನೆಗ್ಗಿದ ಕೊಡ ಮೊದಲು ತುಂಬುತ್ತದೆ, ಅದು ತುಂಬಿ ತುಳುಕುವ ತನಕ ಫಕೀರಪ್ಪನ ಕೊಡ ಕಾಯುತ್ತಿರುತ್ತದೆ.