ಆಚೆ ದಡದ ಕರೆ

ಸೇತುವೆ ಬಹುದೂರವಿದ್ದ ಒಂದು ಊರಿನಲ್ಲಿ, ಹೊಳೆ ತಿರುಗುವ ಕಡೆ, ಒಂದು ಆಶ್ರಮವಿತ್ತು. ಅಲ್ಲಿಯ ಗುರುಗಳನ್ನು ಎರಡೂ ದಡದ ಜನ ಅಜ್ಜಾರು ಎಂದು ಕರೆಯುತ್ತಿದ್ದರು.

ಆಶ್ರಮಕ್ಕೆ ಇದ್ದದ್ದು ಒಂದೇ ವ್ರತ. ಆಚೆ ದಡದಲ್ಲಿ ಯಾರು ನಿಂತು ಕೂಗಿದರೂ ಹರಿಗೋಲು ಹೋಗಬೇಕು. ಯಾರು, ಏತಕ್ಕೆ ಎಂದು ಕೇಳುವಂತಿಲ್ಲ.

ಹುಟ್ಟು ಹಾಕುವ ಸೇವೆ ಶಿಷ್ಯ ಸೋಮಲಿಂಗನದು. ಬಂದ ಹೊಸದರಲ್ಲಿ ಜನ ಅವನ ಕಿವಿಯನ್ನು ಹೊಗಳುತ್ತಿದ್ದರು. ಕೂಗು ನೀರಿನ ಮೇಲೆ ತೇಲಿ ಬರುವಷ್ಟರಲ್ಲಿ ಅವನು ಮೆಟ್ಟಿಲಿಳಿದಿರುತ್ತಿದ್ದ. ಕುಂಬಾರರ ಹಿರಿಯನ ಕೂಗಿನ ಕೊನೆಗೆ ಒಂದು ಕೆಮ್ಮು, ಆಚೆ ದಡದ ನೀಲವ್ವನ ಕೂಗಿನ ನಡುವೆ ಒಂದು ಬೈಗುಳ. ದನಿ ಕೇಳಿಯೇ ಆಳನ್ನು ಹೇಳುತ್ತಿದ್ದ.

ಆಮೇಲೆ ಭಕ್ತರೊಬ್ಬರು ಆಶ್ರಮಕ್ಕೆ ಮೊಬೈಲು ಕೊಟ್ಟರು. ಮುದುಕರು ಗಂಟಲು ಹರಿದುಕೊಳ್ಳುವುದು ತಪ್ಪಲಿ ಎಂಬುದು ಅವರ ಆಸೆ. ಆಚೆ ದಡಕ್ಕೆ ಬಂದವರು ಫೋನು ಮಾಡತೊಡಗಿದರು. ಕೂಗು ನಿಂತುಹೋಯಿತು.

ಅದೇ ಮೊಬೈಲಿನಲ್ಲಿ ಸೋಮಲಿಂಗನಿಗೆ ಒಂದು ಆಟ ಸಿಕ್ಕಿತು. ಮುಖ ಕಾಣದ ನಾಲ್ವರು ಜೊತೆಗೂಡಿ, ಗುಂಡು ಹಾರಿಸುತ್ತ ಓಡುವ ಆಟ. ಮೊದಮೊದಲು ಹರಿಗೋಲಿಗೆ ಕೆಲಸವಿಲ್ಲದಾಗ ಆಡುತ್ತಿದ್ದ. ಬರಬರುತ್ತ, ಆಟವಿಲ್ಲದಾಗ ಹರಿಗೋಲು ಹಾಕುತ್ತಿದ್ದ.

ಒಂದು ದಿನ ನೀಲವ್ವ ಸೇತುವೆಯ ದಾರಿ ಸುತ್ತಿಕೊಂಡು ಈಚೆ ದಡಕ್ಕೆ ಬಂದಳು. ಸೊಂಟದ ಮೇಲೆ ಜ್ವರದ ಮೊಮ್ಮಗಳಿದ್ದಳು. ಮೊದಲು ದವಾಖಾನೆಗೆ ಹೋದಳು. ಮಗು ಕಣ್ಣು ಬಿಟ್ಟ ಮೇಲೆ ಆಶ್ರಮಕ್ಕೆ ಬಂದಳು.

"ಕಿವಿಯೊಳಗ ಹತ್ತಿ ತುರುಕ್ಕೊಂಡಿದ್ದಿಯೇನಪ್ಪಾ ಸೋಮಲಿಂಗ? ಫೋನ್ ಹಚ್ಚಿ ಹಚ್ಚಿ ಸಾಕಾತು. ಹಚ್ಚಿದಂಗ ಕಟ್ಟಾಗತಿತ್ತು."

"ಫೋನೇ ಬಂದಿಲ್ಲ ನೀಲವ್ವ. ಸಿಗ್ನಲ್ ಇರಲಿಲ್ಲ ಕಾಣತದ."

"ಸಿಗ್ನಲ್ ಇಲ್ಲದ ಫೋನು ಹೆಂಗ ರಿಂಗಾಗತದೋ? ಇನ್ನಷ್ಟು ತಡ ಆಗಿದ್ರ ಕೂಸು ಉಳೀತಿರಲಿಲ್ಲ ಅಂದ್ರು ಡಾಕ್ಟರು."

"ಅಜ್ಜಾರ ಪಾದದಾಣೆ, ಬಂದಿಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಹಾಗೆಂದು ಅವನು ನಂಬಿದ್ದ.

ಎಲ್ಲ ಕೇಳುತ್ತ ಕುಳಿತಿದ್ದ ಗುರುಗಳು ನೀಲವ್ವನ ಕಡೆ ತಿರುಗಿದರು. "ನಿನ್ನ ಫೋನು ನಾಳೆ ಒಂದು ದಿನ ನನ್ನ ಹತ್ತಿರ ಇರಲಿ, ತಾಯಿ."

"ತಗೋರಿ. ನಿಮಗೂ ಆಟದ ಹುಚ್ಚು ಹಿಡಿದೀತು, ಜ್ವಾಕಿ."

ಮರುದಿನ ಸಂಜೆ ದೀಪ ಹಚ್ಚುವಾಗ ಸೋಮಲಿಂಗ ನೋಡಿದ. ಗುರುಗಳ ಆಸನ ಬರಿದಾಗಿತ್ತು. ಅವರಿಗಾಗಿ ಮುಚ್ಚಿಟ್ಟ ಊಟ ಮುಚ್ಚಿದಂತೆಯೇ ಇತ್ತು. ಹೊಳೆಯಾಚೆ ಬಿಳಿ ಬಟ್ಟೆಯೊಂದು ಕಂಡಿತು.

ಅವನು ಹುಟ್ಟು ಹಾಕುತ್ತ ಹೋದ. ಗುರುಗಳು ಒಂದು ಬಂಡೆಯ ಮೇಲೆ ಕುಳಿತಿದ್ದರು. ತುಟಿ ಒಣಗಿತ್ತು.

"ಯಾವಾಗ ಬಂದಿರಿ ಅಜ್ಜಾರೆ?"

"ಬೆಳಿಗ್ಗೆ. ಮೀನುಗಾರರ ದೋಣಿಯಲ್ಲಿ."

"ಒಂದು ಫೋನು ಮಾಡಬಾರದಿತ್ತೇನ್ರಿ?"

ಗುರುಗಳು ಬಂಡೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು. "ಕೂಡು. ನಿನ್ನ ಆಟ ತೆಗೆ. ನೋಡೋಣ."

ಸೋಮಲಿಂಗನಿಗೆ ಅರ್ಥವಾಗಲಿಲ್ಲ. ಆದರೂ ತೆಗೆದ. ಮೊದಲು ನಾಚಿಕೆಯಾಯಿತು. ಆಮೇಲೆ ಗುಂಡಿನ ಸದ್ದು ಕೇಳಿಸಿತು. ಆಮೇಲೆ ಹೊಳೆಯೂ ಇಲ್ಲ, ಬಂಡೆಯೂ ಇಲ್ಲ, ಪಕ್ಕದಲ್ಲಿ ಉಪವಾಸ ಕುಳಿತವರೂ ಇಲ್ಲ.

ಗುರುಗಳು ಅವನ ಮಣಿಕಟ್ಟು ಹಿಡಿದರು.

"ಈಗ ಏನು ಮಾಡಿದೆ?"

"ಏನೂ ಇಲ್ಲರಿ. ಆಡುತ್ತಿದ್ದೆ."

ಗುರುಗಳು ಇನ್ನೊಂದು ಕೈ ತೆರೆದರು. ಅದರಲ್ಲಿ ನೀಲವ್ವನ ಫೋನು. ಈಗಷ್ಟೇ ಅವನಿಗೆ ಮಾಡಿದ ಕರೆ ಕಡಿದುಹೋಗಿತ್ತು.

"ಇನ್ನೊಮ್ಮೆ ಮಾಡುತ್ತೇನೆ. ಈ ಸಲ ನಿನ್ನ ಬೆರಳನ್ನು ನೋಡು."

ಕರೆ ಆಟದ ಮೇಲೆ ಬಂದು ನಿಂತಿತು. ಸೋಮಲಿಂಗನ ಹೆಬ್ಬೆರಳು, ಮೂಗಿನ ಮೇಲೆ ಕುಳಿತ ನೊಣವನ್ನು ಅಟ್ಟುವಂತೆ, ಅದನ್ನು ಅಟ್ಟಿತು. ಅವನನ್ನು ಕೇಳಲೇ ಇಲ್ಲ.

ಅವನು ಬಹಳ ಹೊತ್ತು ಆ ಬೆರಳನ್ನೇ ನೋಡಿದ. ಅದು ಬೇರೆ ಯಾರದೋ ಎಂಬಂತೆ ನೋಡಿದ. ಆ ದಿನ ನೀಲವ್ವ ಇದೇ ಬಂಡೆಯ ಬಳಿ ನಿಂತಿದ್ದಳು. ಮಗು ಹೆಗಲ ಮೇಲೆ ತಲೆಯಿಟ್ಟಿತ್ತು.

"ಇದನ್ನು ಹೊಳೆಗೆ ಎಸೆದುಬಿಡುತ್ತೇನೆ."

"ಹೊಳೆ ನಿನಗೇನು ಮಾಡಿತ್ತು?"

"ಹಾಗಾದರೆ ಹುಟ್ಟನ್ನು ಬೇರೆಯವರಿಗೆ ಕೊಡಿರಿ. ನನಗೆ ಆ ಯೋಗ್ಯತೆ ಇಲ್ಲ."

"ಕೊಡುತ್ತೇನೆ. ಇನ್ನೊಬ್ಬರು ಕಾದು ಸೋತು ಈ ಬಂಡೆಯಿಂದ ಎದ್ದು ಮರಳಿ ಹೋದರೆ ಆ ದಿನವೇ ಕೊಡುತ್ತೇನೆ. ಈಗ ದಡ ಮುಟ್ಟಿಸು. ಹಸಿವಾಗಿದೆ."

ನಡುಹೊಳೆಯಲ್ಲಿ ಗುರುಗಳು ಕೇಳಿದರು: "ಸಣ್ಣವನಿದ್ದಾಗ ಏನು ಆಡುತ್ತಿದ್ದೆ?"

"ಲಗೋರಿ. ಚಿಣ್ಣಿದಾಂಡು. ಗೋಲಿ."

"ಎಷ್ಟು ಹೊತ್ತಿನವರೆಗೆ?"

"ಅವ್ವ ಕರೆಯುವವರೆಗೆ."

ಹುಟ್ಟು ನಿಧಾನವಾಯಿತು. ದನಗಳು ಎಬ್ಬಿಸಿದ ಧೂಳಿನಲ್ಲಿ ಇಳಿಯುವ ಆ ಸಂಜೆ ಅವನ ಕಣ್ಣಿಗೆ ಕಟ್ಟಿತು. ಒಲೆಗಳ ಹೊಗೆ ಓಣಿಯ ತುಂಬ ಹರಡುತ್ತಿತ್ತು. ಒಂದೊಂದು ಬಾಗಿಲಿನಿಂದ ಒಂದೊಂದು ಹೆಸರು ಹೊರಬರುತ್ತಿತ್ತು. ಹೆಸರು ಬಂದವನು ಹೋಗುತ್ತಿದ್ದ. ಅವ್ವ 'ಸೋಮಾ' ಎಂದು ಉದ್ದಕ್ಕೆ ಎಳೆದು, ಕೊನೆಯಲ್ಲಿ ದನಿಯನ್ನು ತುಸು ಏರಿಸುತ್ತಿದ್ದಳು. ಬಚ್ಚಲಲ್ಲಿ ಕಾಲಿಗೆ ತಣ್ಣೀರು. ಒಳಗೆ ರೊಟ್ಟಿ ಬಡಿಯುವ ಸದ್ದು.

"ಆ ಆಟಗಳಲ್ಲಿ ಗೆದ್ದವರು ಯಾರು?"

ಸೋಮಲಿಂಗ ಯೋಚಿಸಿದ. "ನೆನಪಿಲ್ಲರಿ. ಮುಗಿದಿದ್ದರೆ ತಾನೇ? ಲಗೋರಿಯ ಕಲ್ಲು ಬಿದ್ದಲ್ಲೇ ಬಿಟ್ಟು ಓಡುತ್ತಿದ್ದೆವು."

"ನಡುವೆ ಬಿಟ್ಟು ಬರುವುದು ಕಷ್ಟವಾಗುತ್ತಿರಲಿಲ್ಲವೇ?"

"ಅವ್ವ ಕರೆಯುತ್ತಿದ್ದಳಲ್ಲ." ಅವನ ದನಿ ಇಳಿಯಿತು. "ಈಗ ಅವಳಿಲ್ಲ. ನನ್ನನ್ನು ಕರೆಯುವವರು ಯಾರೂ ಇಲ್ಲ ಅಜ್ಜಾರೆ."

"ಬೆಳಗಿನಿಂದ ನಾನು ಏನು ಮಾಡುತ್ತಿದ್ದೆ?"

ಸೋಮಲಿಂಗ ಜೋರಾಗಿ ಹುಟ್ಟು ಹಾಕಿದ. ಹರಿಗೋಲು ದಡ ಮುಟ್ಟಿತು.

ಮರುದಿನ ಗುರುಗಳು ಹೇಳಿದರು: "ಆಡು. ನಾನು ಕರೆದಾಗ ಏಳು."

"ಆಟ ಮುಗಿಸಿ ಏಳಲೇ?"

"ನಡುವೆ."

ಮೊದಲ ದಿನ ಗುರುಗಳು ಕರೆದಾಗ ಅವನು, "ಇದೊಂದು ಮುಗಿಸಿ ಬಂದೆ ಅಜ್ಜಾರೆ" ಎಂದ. ಅವರು ಎರಡನೆಯ ಸಲ ಕರೆಯಲಿಲ್ಲ. ಹೋಗಿ ಹರಿಗೋಲಿನಲ್ಲಿ ಬಿಸಿಲಿಗೆ ಕುಳಿತರು. ಅವನು ಬರುವವರೆಗೂ ಕುಳಿತಿದ್ದರು.

ನಡುವೆ ಎದ್ದ ದಿನ ಆಟದ ಜೊತೆಗಾರರು ಬೈದರು. ಹೇಡಿ ಎಂದರು, ಕೈಕೊಟ್ಟವನು ಎಂದರು. ತಿಂಗಳುಗಟ್ಟಲೆ ಏರಿದ್ದ ಅವನ ಸ್ಥಾನ ಇಳಿಯತೊಡಗಿತು. ಮನೆಗೆ ಕಳ್ಳ ನುಗ್ಗಿದಷ್ಟು ಸಂಕಟವಾಯಿತು. ಊಟದ ತಟ್ಟೆಯ ಮೇಲೂ ಹೆಬ್ಬೆರಳು ತಾನಾಗಿ ಆಡುತ್ತಿತ್ತು. ಸಣ್ಣ ಮಾತಿಗೂ ಸಿಟ್ಟು ಬರುತ್ತಿತ್ತು.

"ಒಂದು ದಿನ ಬಿಡುತ್ತೇನೆ, ಮರುದಿನ ಮತ್ತೆ ಹಿಡಿಯುತ್ತೇನೆ. ಹೀಗಾದರೆ ಹೇಗೆ ಅಜ್ಜಾರೆ?"

"ನಾನೂ ಒಂದು ದಿನ ಕರೆಯುತ್ತೇನೆ, ಮರುದಿನ ಮತ್ತೆ ಕರೆಯುತ್ತೇನೆ."

ಒಮ್ಮೆ ಅವನು ಕೊಟ್ಟಿಗೆಯ ಹಿಂದೆ ಅಡಗಿ ಕುಳಿತು ಆಡಿದ. ಅಂಗಳದಲ್ಲಿ ಗುರುಗಳು ಕರೆಯುವುದು ಕೇಳಿಸಿತು. ಗೋಡೆಯ ಸಂದಿಯಿಂದ ನೋಡಿದ. ಅವರು ಖಾಲಿ ಅಂಗಳದಲ್ಲಿ, ಅವನಿಲ್ಲದ ದಿಕ್ಕಿಗೆ ಮುಖಮಾಡಿ, ಉತ್ತರಕ್ಕಾಗಿ ಕಾಯುತ್ತ ನಿಂತಿದ್ದರು. ಒಂದು ಕೈ ಕಿವಿಯ ಹಿಂದಿತ್ತು.

ಆಟದಲ್ಲಿ ಅವನು ಗೆಲ್ಲುವ ಹಂತದಲ್ಲಿದ್ದ. ಮೊಬೈಲನ್ನು ಹುಲ್ಲಿನ ಮೇಲೆ ಮಗುಚಿಟ್ಟು ಎದ್ದ.

"ಬಂದೆ ಅಜ್ಜಾರೆ."

ಮಳೆಗಾಲ ಕಳೆಯಿತು, ಹೊಳೆ ತಿಳಿಯಾಯಿತು. ಮೊಬೈಲು ಈಗ ಬಾಗಿಲ ಪಕ್ಕದ ಗೂಟಕ್ಕೆ ಚೀಲದಲ್ಲಿ ತೂಗುತ್ತಿತ್ತು. ರಿಂಗಾದರೆ ಅವನು ಎತ್ತುತ್ತಿದ್ದ. ಆಟವನ್ನು ಅದರಿಂದ ಅಳಿಸಿದ್ದ. ಯಾರೂ ಅಳಿಸು ಎಂದಿರಲಿಲ್ಲ. ಬಂಡೆಯಿಂದ ಯಾರೂ ಮರಳಿ ಹೋಗಿರಲಿಲ್ಲ.

ಒಂದು ಸಂಜೆ ಗುರುಶಿಷ್ಯರಿಬ್ಬರೂ ಮೆಟ್ಟಿಲ ಮೇಲೆ ಕುಳಿತಿದ್ದರು. ಸೋಮಲಿಂಗನ ಮನಸ್ಸು ಹಗುರವಾಗಿತ್ತು. ಬಹಳ ದಿನಗಳಿಂದ ಒಳಗಿಟ್ಟುಕೊಂಡಿದ್ದ ಪ್ರಶ್ನೆಯನ್ನು ಅವನು ಹೊರತೆಗೆದ.

"ಅಜ್ಜಾರೆ, ಇಷ್ಟು ದಿನ ನನ್ನೊಡನೆ ನಾನೇ ಬಡಿದಾಡಿದೆ. ನೀವೇ ನೋಡಿದ್ದೀರಿ. ಈಗ ಹೇಳಿರಿ, ಕೊನೆಗೂ ನಾನು ಗೆದ್ದೆನೋ..."

ಆಚೆ ದಡದಿಂದ, ಹಿಂದಿನಂತೆ, ಕೂಗು ಬಂತು. ಅದರ ನಡುವೆ ಒಂದು ಬೈಗುಳವಿತ್ತು.

ಸೋಮಲಿಂಗ ಆಗಲೇ ಮೆಟ್ಟಿಲಿಳಿದಿದ್ದ.

ಹರಿಗೋಲು ಮರಳಿದಾಗ ಅದರಲ್ಲಿ ನೀಲವ್ವ ನಿಂತಿದ್ದಳು, ತಲೆಯ ಮೇಲೆ ದೊಡ್ಡ ಗಂಟು. ಮೊಮ್ಮಗಳು ಅವಳ ಸೆರಗು ಹಿಡಿದಿದ್ದಳು.

"ಏನೋ ಮಾತಿನೊಳಗ ಇದ್ರಿ ಅಂತ ಕಾಣತದ," ಎಂದಳು ನೀಲವ್ವ. "ನಡುವ ಕೂಗಿ ಕೆಡಿಸಿದೆನೇನೋ."

ಸೋಮಲಿಂಗ ಹಗ್ಗ ಕಟ್ಟುತ್ತ ನೆನಪಿಸಿಕೊಳ್ಳಲು ನೋಡಿದ. ನೀರಿನ ಸಪ್ಪಳವಷ್ಟೇ ತಲೆಯಲ್ಲಿತ್ತು.

"ಏನೋ ಕೇಳುತ್ತಿದ್ದೆ ಅಜ್ಜಾರೆ. ಮರೆತೇ ಹೋಯಿತು."

ಗುರುಗಳು ಹೇಳಿದರು: "ಹಾಗಾದರೆ ನಿನ್ನ ಕೈ ಬಿಡುವಾಗಿದೆ. ಆ ತಾಯಿಯ ಗಂಟು ಇಳಿಸಿಕೋ."